ಬೆಳಗ್ಗೆ ಐದೂವರೆಗೆ ಮುಂಚೆ ಬಂದ ಹೂವು: ಒಂದು ಮಂಡಿ ಆಪ್‌ನ ರಿಪೇರಿ

ಈ ಆಪ್ ಒಂದು ಹೂವಿನ ಮಂಡಿಯ ಲೆಕ್ಕದ ಪುಸ್ತಕ. ರೈತರು ತಂದ ಹೂವಿನ ತೂಕ, ರೇಟ್, ಕಮಿಷನ್, ಕೊಟ್ಟ ಮುಂಗಡ, ಉಳಿದ ಬಾಕಿ ಎಲ್ಲ ಇದರಲ್ಲೇ ಇರುತ್ತದೆ. ಬರೆದವರು ಬೇರೆ ಕೆಲಸಕ್ಕೆ ಹೋದ ಮೇಲೆ ಇದನ್ನು ನೋಡಿಕೊಳ್ಳುವ ಹೊಣೆ ನನಗೆ ಬಂತು. ಸರ್ವರ್ ಕಡೆ ಪೈಥಾನ್ ಭಾಷೆ ಮತ್ತು ಅದರ ವೆಬ್ ಚೌಕಟ್ಟಾದ ಜಾಂಗೋ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಜಾಂಗೋದ ಮುಂದೆ, ಹೊರಗಿನ ರಿಕ್ವೆಸ್ಟ್‌ಗಳನ್ನು ಮೊದಲು ತೆಗೆದುಕೊಳ್ಳುವ ವೆಬ್ ಸರ್ವರ್ ಎಂಜಿನ್‌ಎಕ್ಸ್. ಫೋನಿನಲ್ಲಿ ತೆರೆಯುವ ಪುಟಗಳು ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿವೆ. ಕೋಡ್ ಓದಿದರೆ ಅರ್ಥವಾಗುವ ಹಾಗೆ ಬರೆದಿದ್ದಾರೆ, ಅದೊಂದು ದೊಡ್ಡ ಉಪಕಾರ.

ಆಪ್ ಜೊತೆಗೆ ದೂರುಗಳೂ ಬಂದವು. ತಾರೀಖು ಹಿಂದಿನ ದಿನಕ್ಕೆ ಹೋಗುತ್ತದೆ. ಹೆಸರು ಹುಡುಕಿದರೆ ಸಿಗುವುದಿಲ್ಲ. ಒಂದೇ ಎಂಟ್ರಿ ಎರಡು ಸಲ ಬೀಳುತ್ತದೆ. ಚೀಟಿಯ ಫೋಟೋ ಹತ್ತುವುದಿಲ್ಲ. ತಿಂಗಳ ಕೊನೆಯಲ್ಲಿ ಖಾತೆ ಪುಟ ತೆರೆಯುವುದಕ್ಕೇ ಹೊತ್ತು ಹಿಡಿಯುತ್ತದೆ. ವೆಬ್ ಕೆಲಸ ಮಾಡುವ ಯಾರಿಗಾದರೂ ಇವು ಗೊತ್ತಿರುವ ಕಾಯಿಲೆಗಳೇ. ಆದರೆ ಪ್ರತಿಯೊಂದರಲ್ಲೂ ಕಾರಣ ನಾನು ಮೊದಲು ನೋಡುತ್ತಿದ್ದ ಜಾಗದಲ್ಲಿ ಇರಲಿಲ್ಲ. ಹಿಂದೆ ಒಂದೇ ಆಫೀಸಿನಲ್ಲಿದ್ದ ನಾವು ನಾಲ್ಕೈದು ಡೆವಲಪರ್‌ಗಳು ಈಗಲೂ ಒಬ್ಬರಿಗೊಬ್ಬರು ಕೋಡ್ ತೋರಿಸುತ್ತೇವೆ. ಅವರು ನನಗೆ ಉತ್ತರ ಕೊಟ್ಟಿದ್ದು ಕಡಿಮೆ, ಪ್ರಶ್ನೆ ಕೇಳಿದ್ದು ಜಾಸ್ತಿ. ಗಂಟು ಬಿಡಿಸಿದ್ದು ಆ ಪ್ರಶ್ನೆಗಳೇ. ಅದಕ್ಕೇ ಇಲ್ಲಿ ರಿಪೇರಿಯ ಜೊತೆಗೆ ಯಾರು ಏನು ಕೇಳಿದರು ಅನ್ನೋದನ್ನೂ ಬರೆದಿದ್ದೇನೆ.

ತಾರೀಖು ಹಿಂದಕ್ಕೆ ಹೋಗುವುದು

ಮೊದಲು ಹಿಡಿದಿದ್ದು ಇದನ್ನೇ, ಯಾಕೆಂದರೆ ಇದರಲ್ಲಿ ರೈತರ ದುಡ್ಡು ಇತ್ತು. ಈ ಮಂಡಿಯಲ್ಲಿ ಚಿಕ್ಕ ಚಿಕ್ಕ ಚೀಲಗಳ ಹೂವನ್ನು ಒಟ್ಟಿಗೆ ಮಾರಿ, ಆ ದಿನದ ಸರಾಸರಿ ರೇಟನ್ನು ಎಲ್ಲರಿಗೂ ಹಾಕುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸೇವಂತಿಗೆ, ಕನಕಾಂಬರದ ರೇಟ್ ಹೇಗೆ ಏರುತ್ತದೆ ಅಂತ ಹೂ ಕೊಳ್ಳುವ ಎಲ್ಲರಿಗೂ ಗೊತ್ತು. ಆ ಬೆಳಗ್ಗೆ ತಂದ ಹೂವು ಅದರ ಹಿಂದಿನ ದಿನದ ಲೆಕ್ಕಕ್ಕೆ ಹೋದರೆ ರೈತನಿಗೆ ಕಡಿಮೆ ರೇಟ್ ಬೀಳುತ್ತದೆ.

ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಹೇಳಿದ್ದು ಹೀಗೆ: "ಸಾರ್, ನಿನ್ನೆ ಈ ಕಡೆ ತಲೇನೇ ಹಾಕದಿರೋ ಪಾರ್ಟಿ ಹೆಸರಲ್ಲಿ ನಿನ್ನೆ ಮೂರು ಚೀಲ ಸೇವಂತಿಗೆ ತೋರಿಸ್ತಿದೆ. ಇವತ್ತು ನಾನೇ ತೂಕ ಹಾಕಿದ್ದು, ಇವತ್ತಿನ ಪಟ್ಟೀಲಿ ಸೊನ್ನೆ."

ದಿನಾ ಆಗುತ್ತದೆ, ಆದರೆ ಎಲ್ಲ ಎಂಟ್ರಿಗೂ ಆಗುವುದಿಲ್ಲ. ಸೇವ್ ಮಾಡುವ ಕೋಡ್‌ನಲ್ಲಿ ತಪ್ಪು ಕಾಣಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಎಷ್ಟು ಎಂಟ್ರಿ ಹಾಕಿದರೂ ತಾರೀಖು ಸರಿಯಾಗೇ ಬರುತ್ತಿತ್ತು. ಮೈಸೂರಿನಲ್ಲಿರುವ ಗೆಳೆಯನಿಗೆ ಇದನ್ನು ವಿವರಿಸಿದಾಗ ಅವನು ಕೋಡ್ ಕೇಳಲಿಲ್ಲ. "ತಪ್ಪಿದ ಎಂಟ್ರಿಗಳನ್ನ ಗಂಟೆ ಪ್ರಕಾರ ಜೋಡಿಸಿ ನೋಡಿದ್ಯಾ?" ಅಂತ ಕೇಳಿದ.

ಪ್ರತಿ ಎಂಟ್ರಿ ಸೃಷ್ಟಿಯಾದ ಕ್ಷಣವನ್ನು ಡೇಟಾಬೇಸ್ ಬೇರೆ ಕಾಲಂನಲ್ಲಿ ತಾನೇ ಬರೆದಿಡುತ್ತಿತ್ತು. ಅದನ್ನು ಭಾರತದ ಸಮಯಕ್ಕೆ ತಿರುಗಿಸಿ ಒಂದು ದಿನದ ಸಾಲುಗಳನ್ನು ಜೋಡಿಸಿದೆ. ಬೆಳಗಿನ ಜಾವ 3ರಿಂದ ಸಾಲಾಗಿ ಎಲ್ಲ ತಪ್ಪು. ತಪ್ಪಿದವುಗಳಲ್ಲಿ ಕೊನೆಯದು 5:28ರದ್ದು. ಸರಿ ಇದ್ದವುಗಳಲ್ಲಿ ಮೊದಲನೆಯದು 5:31ರದ್ದು. ಇದನ್ನು ನೋಡಿದ ಮೇಲೆ ಹೇಳುವುದಕ್ಕೇನೂ ಉಳಿಯಲಿಲ್ಲ. ಭಾರತದ ಗಡಿಯಾರ, ಕಂಪ್ಯೂಟರ್‌ಗಳು ಆಧಾರವಾಗಿ ಬಳಸುವ ಜಾಗತಿಕ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ನಮ್ಮಲ್ಲಿ ಬೆಳಗ್ಗೆ 5:30 ಆಗುವ ತನಕ ಯುಟಿಸಿಯಲ್ಲಿ ಇನ್ನೂ ನಿನ್ನೆಯೇ.

ಕಾರಣ ಫೋನಿನ ಪುಟದಲ್ಲಿತ್ತು. ಇವತ್ತಿನ ತಾರೀಖು ಬೇಕೆಂದು ಜಾವಾಸ್ಕ್ರಿಪ್ಟ್‌ನಲ್ಲಿ ಡೇಟ್ ಆಬ್ಜೆಕ್ಟ್‌ನ ಟುಐಎಸ್‌ಒಸ್ಟ್ರಿಂಗ್ ಕರೆದು, ಬಂದ ಸಾಲಿನ ಮೊದಲ 10 ಅಕ್ಷರ ಕತ್ತರಿಸಿಕೊಂಡಿದ್ದರು. ಆ ಫಂಕ್ಷನ್ ಯಾವಾಗಲೂ ಯುಟಿಸಿಯಲ್ಲೇ ಉತ್ತರ ಕೊಡುತ್ತದೆ. ಫೋನಿನ ಟೈಮ್ ಝೋನ್ ಏನಿದ್ದರೂ ಅದಕ್ಕೆ ಲೆಕ್ಕವಿಲ್ಲ. ಈ ಸಾಲನ್ನು ನಾನು ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ನೋಡಿದ್ದೇನೆ. ಹಗಲು ಹೊತ್ತಿನಲ್ಲಿ ನಡೆಯುವ ಆಪ್‌ಗಳಲ್ಲಿ ಅದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರುತ್ತದೆ. ಹೂವಿನ ಮಾರುಕಟ್ಟೆ ನಡೆಯೋದೇ ನಸುಕಿನಲ್ಲಿ, ಹಾಗಾಗಿ ಇಲ್ಲಿ ದಿನಾ ಸಿಕ್ಕಿಬೀಳುತ್ತಿತ್ತು.

ಸರ್ವರ್ ಕೋಡ್‌ನಲ್ಲೂ ಇದೇ ಜಾತಿಯ ತಪ್ಪು ಒಂದಿತ್ತು. ದಿನದ ರಿಪೋರ್ಟ್ ತೆಗೆಯುವ ಕಡೆ ಜಾಂಗೋದ ಟೈಮ್‌ಝೋನ್ ಮಾಡ್ಯೂಲಿನ ನೌ ಕರೆದು ಅದಕ್ಕೆ ಡೇಟ್ ಅಂಟಿಸಿದ್ದರು. ಅದೂ ಯುಟಿಸಿ ತಾರೀಖೇ. ಅದನ್ನು ಲೋಕಲ್‌ಡೇಟ್ ಅಂತ ಬದಲಾಯಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಹೇಳಿರುವ ಟೈಮ್ ಝೋನ್ ಪ್ರಕಾರ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಏಷ್ಯಾ/ಕೊಲ್ಕತ್ತಾ ಅಂತ ಮೊದಲೇ ಸರಿಯಾಗಿತ್ತು.

ಇಲ್ಲಿ ಒಂದು ಚರ್ಚೆ ನಡೆಯಿತು. ಒಬ್ಬರು, ಸರ್ವರ್ ಗಡಿಯಾರವನ್ನೇ ಭಾರತದ ಸಮಯಕ್ಕೆ ಇಟ್ಟುಬಿಡಿ ಅಂದರು. ಅದು ಈ ತಪ್ಪನ್ನು ಸರಿ ಮಾಡುತ್ತಿರಲಿಲ್ಲ, ಯಾಕೆಂದರೆ ತಾರೀಖು ಹುಟ್ಟುತ್ತಿದ್ದದ್ದು ಫೋನಿನಲ್ಲಿ. ಸರಿ ಮಾಡುವಂತಿದ್ದರೂ ನಾನು ಒಪ್ಪುತ್ತಿರಲಿಲ್ಲ. ಕ್ಷಣವನ್ನು ಯುಟಿಸಿಯಲ್ಲೇ ಇಡಬೇಕು, ತಾರೀಖು ಬೇಕಾದಾಗ ಮಾತ್ರ ಊರಿನ ಟೈಮ್ ಝೋನ್‌ಗೆ ತಿರುಗಿಸಬೇಕು. ಐದೂವರೆ ಗಂಟೆ ಕೂಡಿಸಿದರೆ ಸಾಕಲ್ವಾ ಅಂತ ಇನ್ನೊಬ್ಬರು ಕೇಳಿದರು. ಇವತ್ತಿನ ಭಾರತಕ್ಕೆ ಸಾಕು. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ನಮ್ಮ ದೇಶದ ಗಡಿಯಾರವೂ ಆರೂವರೆ ಗಂಟೆ ಮುಂದೆ ಇತ್ತು. ಟೈಮ್ ಝೋನ್ ಹೆಸರು ಕೊಟ್ಟರೆ ಅಂಥ ಇತಿಹಾಸವೆಲ್ಲ ಅದರ ಹಿಂದಿರುವ ಡೇಟಾದಲ್ಲೇ ಇದೆ. ನಾವು ಕೈಯಲ್ಲಿ ಕೂಡಿಸುವ ಅಗತ್ಯವಿಲ್ಲ. ಇನ್ನೊಂದು ಮಾತು: ಫೋನಿನ ಟೈಮ್ ಝೋನ್ ಏನು ಅಂತ ಕೇಳಿದರೆ ಕ್ರೋಮ್ ಹಳೆಯ ಹೆಸರಾದ ಏಷ್ಯಾ/ಕ್ಯಾಲ್ಕಟ್ಟಾ ಅಂತ ಹೇಳುವುದುಂಟು. ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಕೋಡ್ ಎಲ್ಲಾದರೂ ಇದ್ದರೆ ಅದು ಅಲ್ಲೇ ಮುಗ್ಗರಿಸುತ್ತದೆ.

ಕೋಡ್ ತಿದ್ದುವುದು ಹೆಚ್ಚು ಕೆಲಸವಾಗಿರಲಿಲ್ಲ. ಹಳೆಯ ಡೇಟಾ ತಿದ್ದುವುದು ಕೆಲಸ. ಸೃಷ್ಟಿಯಾದ ಕ್ಷಣದ ಯುಟಿಸಿ ತಾರೀಖಿಗೆ ಹೊಂದುವ, ಆದರೆ ಭಾರತದ ತಾರೀಖಿಗೆ ಹೊಂದದ ಸಾಲುಗಳನ್ನೆಲ್ಲ ಹಿಡಿದು ಒಂದು ದಿನ ಮುಂದೆ ತಳ್ಳಿದರಾಯಿತು ಅನ್ನುವುದು ನನ್ನ ಲೆಕ್ಕ. ಡೇಟಾಬೇಸ್ ಕೆಲಸವನ್ನೇ ಬಹಳ ವರ್ಷ ಮಾಡಿರುವ ಒಬ್ಬರಿಗೆ, ನಾವೆಲ್ಲ ಅಕ್ಕ ಅಂತ ಕರೆಯುವವರು, ಇದನ್ನು ಮಾಡುವ ಕ್ವೆರಿಯನ್ನು (ಡೇಟಾಬೇಸ್‌ಗೆ ಕೊಡುವ ಆದೇಶ) ತೋರಿಸಿದೆ. ಅವರು ಓದಿ, "ಕ್ವೆರಿ ಸರಿ ಇದೆ ಕಣೋ. ಆದ್ರೆ ರಾತ್ರಿ ಹನ್ನೆರಡು ದಾಟಿದ ಮೇಲೆ ಕೂತು ಹಿಂದಿನ ದಿನದ ಲೆಕ್ಕ ಬರೆಯೋರು ಅಲ್ಲಿ ಯಾರೂ ಇಲ್ವಾ?" ಅಂತ ಕೇಳಿದರು.

ರೈಟರ್‌ಗೆ ಫೋನ್ ಮಾಡಿದೆ. "ಹಬ್ಬದ ಗಲಾಟೆ ಇದ್ರೆ ರಾತ್ರಿ ಒಂದು ಗಂಟೆ ತನಕ ಹಿಂದಿನ ದಿನದ್ದೇ ಬರೀತಾ ಇರ್ತೀನಿ ಸಾರ್" ಅಂದರು.

ಅಂದರೆ ಮಧ್ಯರಾತ್ರಿಯಿಂದ 2 ಗಂಟೆಯೊಳಗಿನ ಸಾಲುಗಳಲ್ಲಿ ಹಿಂದಿನ ದಿನದ ತಾರೀಖೇ ಸರಿ. ನನ್ನ ಕ್ವೆರಿ ಅವನ್ನೂ ಮುಂದಕ್ಕೆ ತಳ್ಳುತ್ತಿತ್ತು. ಕ್ವೆರಿಯನ್ನು 2 ಗಂಟೆಯ ನಂತರದ ಸಾಲುಗಳಿಗೆ ಸೀಮಿತ ಮಾಡಿದೆ. ಅದಕ್ಕೆ ಮುಂಚಿನವನ್ನು ಬೇರೆ ಶೀಟ್‌ಗೆ ತೆಗೆದು, ರೈಟರ್ ಕಾಗದದ ಚೀಟಿಗಳ ಜೊತೆ ತಾಳೆ ನೋಡಿ ಗುರುತು ಹಾಕಿಕೊಟ್ಟರು. ಅಪ್‌ಡೇಟ್ ಮಾಡುವ ಮುಂಚೆ ಪೂರ್ತಿ ಬ್ಯಾಕಪ್ ತೆಗೆದು, ಆ ಬ್ಯಾಕಪ್ಪನ್ನು ಬೇರೆ ಕಡೆ ರಿಸ್ಟೋರ್ ಮಾಡಿ ತೆರೆಯುತ್ತದೆಯೇ ಅಂತಲೂ ನೋಡಿದೆ. ಟ್ರಾನ್ಸಾಕ್ಷನ್ ಶುರು ಮಾಡಿ, ಅದೇ ಷರತ್ತಿನ ಸೆಲೆಕ್ಟ್‌ನಲ್ಲಿ ಎಷ್ಟು ಸಾಲು ಬರುತ್ತದೆ ನೋಡಿ, ಅಪ್‌ಡೇಟ್‌ನಲ್ಲೂ ಅಷ್ಟೇ ಬಂದ ಮೇಲೆ ಕಮಿಟ್ ಮಾಡಿ ಬದಲಾವಣೆಯನ್ನು ಕಾಯಂ ಮಾಡಿದೆ. ಹಳೆಯ ತಾರೀಖನ್ನು ಅಳಿಸದೆ ಇನ್ನೊಂದು ಕಾಲಂನಲ್ಲಿ ಉಳಿಸಿದ್ದೇನೆ. ರೇಟ್ ವ್ಯತ್ಯಾಸ ಎಷ್ಟು ಅಂತ ರೈತರ ಹೆಸರು ಸಮೇತ ಲೆಕ್ಕ ತೆಗೆದು ಮಾಲೀಕರಿಗೆ ಕೊಟ್ಟೆ. ಅವರು ಮುಂದಿನ ಪಟ್ಟಿಯಲ್ಲೇ ಅದನ್ನು ಸೇರಿಸಿ ಕೊಟ್ಟರು. ಇಡೀ ರಿಪೇರಿಯಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟಿದ್ದು ಇದು.

ಇನ್ನು ಮೇಲೆ ಯಂತ್ರ ತಾರೀಖನ್ನು ಒಳಗೊಳಗೇ ಊಹಿಸುವುದಿಲ್ಲ. ಎಂಟ್ರಿ ಪುಟದ ಮೇಲ್ಭಾಗದಲ್ಲಿ ಯಾವ ದಿನದ ಲೆಕ್ಕ ಅನ್ನೋದು ದೊಡ್ಡದಾಗಿ ಕಾಣುತ್ತದೆ. ರಾತ್ರಿ 12ರಿಂದ 2ರ ನಡುವೆ ಪುಟ ತೆರೆದರೆ ಇವತ್ತಾ, ನಿನ್ನೆಯಾ ಅಂತ ಕೇಳುತ್ತದೆ. ಟೆಸ್ಟ್‌ಗಳಲ್ಲಿ ಗಡಿಯಾರವನ್ನು ಬೆಳಗಿನ 4 ಗಂಟೆಗೆ ನಿಲ್ಲಿಸಿ ಓಡಿಸುತ್ತೇನೆ. ಪೈಥಾನ್‌ನಲ್ಲಿ ಫ್ರೀಝ್‌ಗನ್ ಅನ್ನುವ ಪ್ಯಾಕೇಜ್ ಈ ಕೆಲಸ ಮಾಡುತ್ತದೆ.

ನ್ಯೂಜೆರ್ಸಿಯಲ್ಲಿರುವ ಗೆಳತಿಯೊಬ್ಬಳು ಟೆಸ್ಟ್ ಸರ್ವರ್ ತೆರೆದು ನೋಡಿದಾಗ ಇನ್ನೊಂದು ಹೊರಬಿತ್ತು. ಸರಿಯಾಗಿ ಸೇವ್ ಆಗಿದ್ದ ತಾರೀಖು ಅವಳ ಬ್ರೌಸರಿನಲ್ಲಿ ಒಂದು ದಿನ ಹಿಂದೆ ಕಾಣುತ್ತಿತ್ತು. ವರ್ಷ, ತಿಂಗಳು, ದಿನ ಅಂತ ಬರೀ ತಾರೀಖಿರುವ ಸಾಲನ್ನು ಜಾವಾಸ್ಕ್ರಿಪ್ಟ್‌ನ ಡೇಟ್‌ಗೆ ಕೊಟ್ಟರೆ ಅದನ್ನು ಯುಟಿಸಿಯ ಮಧ್ಯರಾತ್ರಿ ಅಂದುಕೊಳ್ಳುತ್ತದೆ. ಅದೇ ಸಾಲಿಗೆ ಗಂಟೆ, ನಿಮಿಷ ಸೇರಿಸಿ ಕೊಟ್ಟರೆ ಊರಿನ ಸಮಯ ಅಂದುಕೊಳ್ಳುತ್ತದೆ. ಭಾರತದಲ್ಲಿ ಯುಟಿಸಿ ಮಧ್ಯರಾತ್ರಿ ಅಂದರೆ ಅದೇ ದಿನದ ಬೆಳಗ್ಗೆ 5:30, ಹಾಗಾಗಿ ನಮಗೆ ತಪ್ಪು ಕಾಣುವುದೇ ಇಲ್ಲ. ಅಮೆರಿಕದಲ್ಲಿ ಆಗ ಹಿಂದಿನ ದಿನದ ಸಂಜೆ. ಮಂಡಿಗೆ ಅಮೆರಿಕದ ಗಿರಾಕಿ ಇಲ್ಲ. ಆದರೂ ಮಾಲೀಕರ ಮಗ ಅಲ್ಲಿ ಓದುತ್ತಿದ್ದಾನೆ, ಲೆಕ್ಕ ನೋಡುತ್ತಿರುತ್ತಾನೆ. ತಾರೀಖನ್ನು ಡೇಟ್ ಆಬ್ಜೆಕ್ಟ್ ಮಾಡದೆ ಬರೀ ಸಾಲಾಗಿಯೇ ಒಡೆದು ತೋರಿಸುವಂತೆ ಬದಲಾಯಿಸಿದೆ.

ಹೊಸಕೋಟೆ ಇದೆ, ಆದರೆ ಸಿಗುವುದಿಲ್ಲ

ಹುಡುಕುವ ಪೆಟ್ಟಿಗೆಯಲ್ಲಿ ಹೊಸಕೋಟೆ ಅಂತ ಹಾಕಿದರೆ ಆ ಕಡೆಯ ಕೆಲವು ರೈತರು ಬರುತ್ತಾರೆ, ಕೆಲವರು ಬರುವುದಿಲ್ಲ. ಬರದೇ ಇರುವವರ ಪುಟ ತೆರೆದು ನೋಡಿದರೆ ಅಲ್ಲೂ ಹೊಸಕೋಟೆ ಅಂತಲೇ ಇದೆ. ಹಿಂದೆ ಮುಂದೆ ಖಾಲಿ ಜಾಗ ಇಲ್ಲ. ಕಣ್ಣಿಗೆ ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಇದನ್ನು ಕೇಳುವ ಮುಂಚೆ ಡೇಟಾವನ್ನು ಚಿಕ್ಕದು ಮಾಡಿಕೊಂಡೆ. ಎರಡೇ ಸಾಲು: ಸಿಗುವ ಒಂದು, ಸಿಗದ ಒಂದು. ರೈತರ ಹೆಸರು, ಫೋನ್ ನಂಬರ್, ಬ್ಯಾಂಕ್ ವಿವರ ಎಲ್ಲ ತೆಗೆದು ಊರಿನ ಹೆಸರು ಮಾತ್ರ ಉಳಿಸಿದೆ. ಸಹಾಯ ಕೇಳುವ ಗಡಿಬಿಡಿಯಲ್ಲಿ ಇಡೀ ಟೇಬಲ್ಲನ್ನೇ ಕಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ನಮ್ಮ ಡೇಟಾ ಅಲ್ಲ, ನಮ್ಮನ್ನು ನಂಬಿ ಕೊಟ್ಟವರದ್ದು.

ಆ ಎರಡು ಸಾಲು ನೋಡಿ ಮೈಸೂರಿನವನು ಕೇಳಿದ್ದು ಇಷ್ಟೇ: "ಎರಡರ ಉದ್ದ ಎಷ್ಟೆಷ್ಟು ಬರುತ್ತೆ?"

ಒಂದರ ಉದ್ದ 7, ಇನ್ನೊಂದರದ್ದು 10.

ಕನ್ನಡದಲ್ಲಿ ಆಪ್ ಮಾಡುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು ಅಂತ ನನ್ನ ಆಸೆ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ನಂಬರ್ ಕೊಡುವ ಯೂನಿಕೋಡ್‌ನಲ್ಲಿ 'ಕೋ' ಬರೆಯುವುದಕ್ಕೆ ಒಂದಕ್ಕಿಂತ ಹೆಚ್ಚು ದಾರಿ ಇದೆ. ಕ ಅಕ್ಷರದ ಮುಂದೆ ಓತ್ವದ ಚಿಹ್ನೆ ಒಂದನ್ನೇ ಇಡಬಹುದು. ಇಲ್ಲವೇ ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಇಡಬಹುದು. ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಎರಡೂ ಸಮ ಅಂತ ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಡೇಟಾಬೇಸ್ ಮಾಮೂಲಿಯಾಗಿ ಹೋಲಿಸುವುದು ಒಳಗಿನ ಬೈಟ್‌ಗಳನ್ನು. ಈಗ ಲೆಕ್ಕ ಹಾಕಿ. ಹೊಸಕೋಟೆಯಲ್ಲಿ ಹ, ಒತ್ವ, ಸ, ಕ, ಓತ್ವ, ಟ, ಎತ್ವ ಸೇರಿ 7. ಒತ್ವ ಎರಡು ತುಂಡು, ಓತ್ವ ಮೂರು ತುಂಡು ಆದರೆ 10. ಕನ್ನಡದ ಪ್ರತಿ ಚಿಹ್ನೆ, ಯೂನಿಕೋಡನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ, 3 ಬೈಟ್ ಹಿಡಿಯುತ್ತದೆ. ಅಂದರೆ ಒಂದು ಹೊಸಕೋಟೆ 21 ಬೈಟ್, ಇನ್ನೊಂದು 30 ಬೈಟ್. ಹೇಗೆ ಸಿಗಬೇಕು? ಕೀ, ಕೇ, ಕೈ, ಕೊ ಇವುಗಳದ್ದೂ ಇದೇ ಕಥೆ. ಅವುಗಳ ಗುಣಿತದ ಚಿಹ್ನೆಗಳನ್ನೂ ಒಡೆದು ಬರೆಯಲು ಬರುತ್ತದೆ.

ಒಡೆದ ರೂಪ ಬಂದದ್ದು ಎಲ್ಲಿಂದ? ಮಂಡಿಯ ಹಳೆಯ ವಿಳಾಸಗಳು ಯೂನಿಕೋಡ್‌ಗೆ ಮುಂಚಿನ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲಿನಲ್ಲಿದ್ದವು. ಅಂಥ ಫಾಂಟ್‌ಗಳಲ್ಲಿ ಅಕ್ಷರದ ಆಕಾರದ ತುಂಡುಗಳೇ ಒಂದೊಂದಾಗಿ ಸಾಲಾಗಿ ಕೂತಿರುತ್ತವೆ. ಅದನ್ನು ಯೂನಿಕೋಡ್‌ಗೆ ತಿರುಗಿಸಿದ ಸ್ಕ್ರಿಪ್ಟ್ ಎತ್ವದ ತುಂಡಿಗೆ ಎತ್ವ, ದೀರ್ಘದ ತುಂಡಿಗೆ ದೀರ್ಘ ಹಾಕುತ್ತಾ ಹೋಗಿದೆ. ಫೋನಿನ ಕೀಬೋರ್ಡ್ ಮಾತ್ರ ಓತ್ವವನ್ನು ಒಂದೇ ಚಿಹ್ನೆಯಾಗಿ ಕಳಿಸುತ್ತದೆ.

ಪರಿಹಾರ ಇದೆ, ಅದರ ಹೆಸರು ಎನ್‌ಎಫ್‌ಸಿ. ಒಡೆದದ್ದನ್ನೆಲ್ಲ ಕೂಡಿಸಿ ಒಂದೇ ರೂಪಕ್ಕೆ ತರುವ ಕ್ರಮ ಅದು. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಝ್ ಇದೆ. ಜಾವಾಸ್ಕ್ರಿಪ್ಟ್‌ನ ಸ್ಟ್ರಿಂಗ್‌ಗೂ ಅದೇ ಹೆಸರಿನದ್ದು ಇದೆ. ಪೋಸ್ಟ್‌ಗ್ರೆಸ್‌ನಲ್ಲಿ 13ನೇ ಆವೃತ್ತಿಯಿಂದ ಬಂದಿದೆ. ಸೇವ್ ಮಾಡುವಾಗ ಒಮ್ಮೆ, ಹುಡುಕುವ ಪದಕ್ಕೆ ಒಮ್ಮೆ, ಎರಡು ಕಡೆಯೂ ಇದನ್ನು ಹಾಕಿದೆ. ಹೊಸಕೋಟೆಯವರೆಲ್ಲ ಸಿಕ್ಕರು.

ಆದರೆ ರಾಜ್‌ಕುಮಾರ್ ಅನ್ನುವ ಹೆಸರಿನವರು ಇನ್ನೂ ಅರ್ಧ ಜನ ಸಿಗುತ್ತಿರಲಿಲ್ಲ. ಜ್ ಮತ್ತು ಕು ಒತ್ತಾಗಿ ಕೂಡಿಕೊಳ್ಳದ ಹಾಗೆ ನಡುವೆ ಒಂದು ಕಾಣದ ಚಿಹ್ನೆ ಇರುತ್ತದೆ. ಅದಿಲ್ಲದಿದ್ದರೆ ರಾಜ್ಕುಮಾರ್ ಅಂತ ಒತ್ತಕ್ಷರವಾಗಿ ಕಾಣುತ್ತದೆ. ಕೆಲವರು ಅದನ್ನು ಟೈಪ್ ಮಾಡುತ್ತಾರೆ, ಕೆಲವರು ಮಾಡುವುದಿಲ್ಲ. ಅರ್ಕಾವೊತ್ತಿಲ್ಲದೆ 'ರ‍್ಯ' ಬರೆಯುವಾಗ ಬರುವುದು ಇನ್ನೊಂದು ಕಾಣದ ಚಿಹ್ನೆ. ಎನ್‌ಎಫ್‌ಸಿ ಇವೆರಡನ್ನೂ ಮುಟ್ಟುವುದಿಲ್ಲ. ಹಾಗಂತ ಡೇಟಾದಿಂದಲೇ ಕಿತ್ತು ಹಾಕಬಾರದು, ಜನ ತಮ್ಮ ಹೆಸರು ಹೇಗೆ ಬರೆಯುತ್ತಾರೋ ಪಟ್ಟಿಯಲ್ಲಿ ಹಾಗೇ ಅಚ್ಚಾಗಬೇಕು. ಅದಕ್ಕೆ ಹುಡುಕುವುದಕ್ಕೆಂದೇ ಬೇರೆ ಕಾಲಂ ಮಾಡಿದೆ. ಅದರಲ್ಲಿ ಎನ್‌ಎಫ್‌ಸಿ ಮಾಡಿ, ಆ ಎರಡು ಕಾಣದ ಚಿಹ್ನೆ ತೆಗೆದು, ಜಾಸ್ತಿ ಇರುವ ಖಾಲಿ ಜಾಗಗಳನ್ನು ಒಂದು ಮಾಡಿ ಇಡುತ್ತೇನೆ. ತೋರಿಸುವ ಕಾಲಂ ಹಾಗೇ ಇದೆ.

ಹೀಗೆ ಹೋಲಿಸಿ ನೋಡಿದಾಗ ಒಬ್ಬರೇ ರೈತರ ಹೆಸರಿನಲ್ಲಿ ಎರಡು ಖಾತೆ ಇರುವುದೂ ಹಲವು ಕಡೆ ಸಿಕ್ಕಿತು. ಹುಡುಕಿದಾಗ ಸಿಗದೇ ಇದ್ದದ್ದಕ್ಕೆ ರೈಟರ್ ಹೊಸ ಖಾತೆ ತೆರೆದಿದ್ದಾರೆ, ಮುಂಗಡ ಒಂದರಲ್ಲಿ, ಹೂವು ಇನ್ನೊಂದರಲ್ಲಿ. ಅವನ್ನು ಕೋಡ್‌ನಿಂದ ಕೂಡಿಸಲಿಲ್ಲ. ಅಪ್ಪ, ಮಗ ಇಬ್ಬರಿಗೂ ಒಂದೇ ಹೆಸರು, ಒಂದೇ ಊರು ಇರುವ ಮನೆಗಳಿವೆ. ಮಾಲೀಕರು ಒಬ್ಬೊಬ್ಬರನ್ನೇ ಕೇಳಿ ಕೂಡಿಸುತ್ತಿದ್ದಾರೆ.

ಒಂದೇ ಚೀಲ ಎರಡು ಸಲ

ಮಾರುಕಟ್ಟೆಯ ಒಳಗೆ ನೆಟ್‌ವರ್ಕ್ ಸರಿ ಸಿಗುವುದಿಲ್ಲ. ರೈಟರ್ ಸೇವ್ ಒತ್ತುತ್ತಾರೆ, ಚಕ್ರ ತಿರುಗುತ್ತಲೇ ಇರುತ್ತದೆ, ಮತ್ತೆ ಒತ್ತುತ್ತಾರೆ. ಒಮ್ಮೆ ಒತ್ತಿದ ಮೇಲೆ ಬಟನ್ ಕೆಲಸ ಮಾಡದಂತೆ ಹಿಂದಿನವರು ಬಂದೋಬಸ್ತು ಮಾಡಿದ್ದರು. ಆದರೂ ಎರಡೆರಡು ಬೀಳುತ್ತಿತ್ತು.

ಇಲ್ಲಿ ಅಕ್ಕ ಕೇಳಿದ್ದು: "ಮೊದಲ್ನೇ ಸಲ ಎರರ್ ಬಂತು ಅಂತೀಯ. ಎರರ್ ಬಂದಿದ್ದು ಹೋಗೋವಾಗಲೋ, ವಾಪಸ್ ಬರೋವಾಗಲೋ?"

ಸರ್ವರ್ ಲಾಗ್ ತೆಗೆದು ನೋಡಿದರೆ ವಾಪಸ್ ಬರುವಾಗ. ಎಂಟ್ರಿ ಸರ್ವರ್ ತಲುಪಿ ಸೇವ್ ಆಗಿದೆ. ಸೇವ್ ಆಯಿತು ಅನ್ನುವ ಉತ್ತರ ಮಾತ್ರ ಫೋನಿಗೆ ಸೇರಿಲ್ಲ. ಫೋನ್ ಟೈಮ್‌ಔಟ್ ಆಯಿತು ಅಂತ ಹೇಳಿ ಬಟನ್ನನ್ನು ಮತ್ತೆ ತೆರೆದಿದೆ. ರೈಟರ್ ಮತ್ತೆ ಒತ್ತಿದ್ದು ನೂರಕ್ಕೆ ನೂರು ಸರಿ. ಬಟನ್ ಮುಚ್ಚಿ ಇದನ್ನು ತಡೆಯಲು ಆಗುವುದಿಲ್ಲ.

ಈಗ ಎಂಟ್ರಿ ಫಾರಂ ತೆರೆದ ಕೂಡಲೇ ಫೋನ್ ಬೇರೆ ಯಾವುದಕ್ಕೂ ಇರದ ಗುರುತಿನ ನಂಬರ್, ಅಂದರೆ ಒಂದು ಯುಯುಐಡಿ, ಹುಟ್ಟಿಸಿ ಇಟ್ಟುಕೊಳ್ಳುತ್ತದೆ. ಎಷ್ಟು ಸಲ ಒತ್ತಿದರೂ ಅದೇ ನಂಬರ್ ಹೋಗುತ್ತದೆ. ಡೇಟಾಬೇಸ್‌ನಲ್ಲಿ ಆ ಕಾಲಂಗೆ ಯುನಿಕ್ ಅಂತ ಕಟ್ಟು ಹಾಕಿದ್ದೇನೆ. ಎರಡನೇ ಸಲ ಬಂದರೆ ಹೊಸ ಸಾಲು ಹುಟ್ಟುವುದಿಲ್ಲ, ಮೊದಲು ಸೇವ್ ಆದ ಸಾಲನ್ನೇ ವಾಪಸ್ ಕಳಿಸುತ್ತದೆ. ಅದೇ ನಂಬರ್ ಈಗಾಗಲೇ ಇದೆಯಾ ಅಂತ ಕೋಡ್‌ನಲ್ಲಿ ಮೊದಲು ನೋಡಿ ಆಮೇಲೆ ಸೇರಿಸುವುದು ಸಾಲದು. ಎರಡು ರಿಕ್ವೆಸ್ಟ್ ಒಟ್ಟಿಗೇ ಬಂದರೆ ಎರಡಕ್ಕೂ ಇಲ್ಲ ಅನ್ನುವ ಉತ್ತರವೇ ಸಿಗುತ್ತದೆ. ತಡೆಯುವ ಕೆಲಸ ಡೇಟಾಬೇಸಿನದ್ದೇ ಆಗಬೇಕು. ಫಾರಂ ಸೇವ್ ಆದ ಮೇಲೆ ಹೊಸ ನಂಬರ್ ಹುಟ್ಟಬೇಕು ಅನ್ನೋದನ್ನು ಮರೆಯಬಾರದು. ಇಲ್ಲದಿದ್ದರೆ ಮುಂದಿನ ಚೀಲ ಸೇವ್ ಆಗುವುದೇ ಇಲ್ಲ.

ಇದನ್ನು ಮಾಡುವವರಿಗೆ ಒಂದು ಎಚ್ಚರಿಕೆ. ಬ್ರೌಸರಿನ ಕ್ರಿಪ್ಟೋ ಆಬ್ಜೆಕ್ಟ್‌ನಲ್ಲಿರುವ ರಾಂಡಮ್‌ಯುಯುಐಡಿ ಎಚ್‌ಟಿಟಿಪಿಎಸ್ ಪುಟಗಳಲ್ಲಿ ಮತ್ತು ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಓಡುವ ಆಪನ್ನು ಫೋನಿನಲ್ಲಿ ನೋಡೋಣ ಅಂತ 192.168ರಿಂದ ಶುರುವಾಗುವ ವಿಳಾಸದಲ್ಲಿ ಬರೀ ಎಚ್‌ಟಿಟಿಪಿಯಲ್ಲಿ ತೆರೆದರೆ ಆ ಫಂಕ್ಷನ್ನೇ ಇಲ್ಲ ಅನ್ನುತ್ತದೆ. ಕೋಡ್‌ನಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಕೂರಬೇಡಿ.

ಫೋಟೋ ಮತ್ತು ಕಾರ್ಸ್

ಚೀಟಿಯ ಫೋಟೋ ಹತ್ತದಿದ್ದಾಗ ಕಂಡದ್ದು ಕಾರ್ಸ್ ಎರರ್. ಒಂದು ಡೊಮೇನ್‌ನ ಪುಟ ಇನ್ನೊಂದರ ಉತ್ತರ ಓದಬಹುದೇ ಅಂತ ಬ್ರೌಸರ್ ನೋಡುವ ನಿಯಮ ಅದು. ಬ್ರೌಸರ್ ಕನ್ಸೋಲ್‌ನಲ್ಲಿ ಕೆಂಪು ಅಕ್ಷರದಲ್ಲಿ ಕಾರ್ಸ್ ಅಂತ ಕಂಡರೆ ಎಲ್ಲರೂ ಕಾರ್ಸ್ ಸೆಟ್ಟಿಂಗ್ಸ್ ತೆರೆಯುತ್ತೇವೆ. ಇಲ್ಲಿ ಪುಟ ಒಂದು ಡೊಮೇನ್‌ನಲ್ಲಿ, ಅದಕ್ಕೆ ಡೇಟಾ ಕೊಡುವ ಎಪಿಐ ಇನ್ನೊಂದರಲ್ಲಿ ಇತ್ತು, ಹಾಗಾಗಿ ಅನುಮಾನಕ್ಕೆ ಕಾರಣವೂ ಇತ್ತು. ಎಲ್ಲ ಡೊಮೇನ್‌ಗೂ ನಕ್ಷತ್ರ ಚಿಹ್ನೆ ಹಾಕಿಬಿಡು ಅನ್ನೋ ಸಲಹೆ ಬಂತು. ಅದು ಬೇಡ. ಕುಕೀ ಕಳಿಸುವ ರಿಕ್ವೆಸ್ಟ್‌ಗೆ ನಕ್ಷತ್ರವನ್ನು ಬ್ರೌಸರ್ ಒಪ್ಪುವುದೇ ಇಲ್ಲ. ಒಪ್ಪಿದರೂ ಲೆಕ್ಕದ ಆಪ್‌ಗೆ ಬಾಗಿಲು ಅಷ್ಟು ತೆರೆದಿಡಬಾರದು.

ನ್ಯೂಜೆರ್ಸಿಯ ಗೆಳತಿ ಕೇಳಿದಳು: "ಚಿಕ್ಕ ಫೋಟೋ ಹಾಕಿದ್ರೂ ಬರುತ್ತಾ?"

ಚಿಕ್ಕದು ಹತ್ತಿತು. ಫೋನ್ ಕ್ಯಾಮೆರಾದಲ್ಲಿ ತೆಗೆದದ್ದು ಹತ್ತಲಿಲ್ಲ. ಎಂಜಿನ್‌ಎಕ್ಸ್ ಲಾಗ್‌ನಲ್ಲಿ 413, ಅಂದರೆ ಕಳಿಸಿದ್ದು ತೀರಾ ದೊಡ್ಡದು ಅನ್ನುವ ಎರರ್, ಇತ್ತು. ನಾವೇನೂ ಹೇಳದಿದ್ದರೆ ಎಂಜಿನ್‌ಎಕ್ಸ್ 1 ಎಂಬಿಗಿಂತ ದೊಡ್ಡ ರಿಕ್ವೆಸ್ಟನ್ನು ಒಳಗೇ ಬಿಡುವುದಿಲ್ಲ. ಜಾಂಗೋಗೆ ಅದು ತಲುಪುವುದೇ ಇಲ್ಲ. ಕಾರ್ಸ್ ಹೆಡರ್ ಹಾಕುತ್ತಿದ್ದದ್ದು ಜಾಂಗೋ. ಎಂಜಿನ್‌ಎಕ್ಸ್ ತಾನೇ ಕಳಿಸಿದ ಎರರ್ ಪುಟದಲ್ಲಿ ಆ ಹೆಡರ್ ಇಲ್ಲ, ಅದಕ್ಕೇ ಬ್ರೌಸರ್ ಕಾರ್ಸ್ ಅಂತ ದೂರಿತು. ಜಾಂಗೋದಿಂದ ಸರಿಯಾದ ಉತ್ತರ ಬಾರದೆ ಎಂಜಿನ್‌ಎಕ್ಸ್ 502, 504 ಕಳಿಸಿದಾಗಲೂ ಹೀಗೇ ಆಗುತ್ತದೆ. ಕಾರ್ಸ್ ಅಂತ ಕಂಡಾಗ ಮೊದಲು ನೆಟ್‌ವರ್ಕ್ ಟ್ಯಾಬ್‌ನಲ್ಲಿ ಸ್ಟೇಟಸ್ ನಂಬರ್ ನೋಡಿ, ಅಲ್ಲಿ ಕಾಣದಿದ್ದರೆ ಸರ್ವರ್ ಲಾಗ್ ನೋಡಿ.

ಮಿತಿಯನ್ನು ಸ್ವಲ್ಪ ಏರಿಸಿದೆ, ಜೊತೆಗೆ ಫೋನಿನಲ್ಲೇ ಫೋಟೋ ಚಿಕ್ಕದು ಮಾಡಿ ಕಳಿಸುವಂತೆ ಮಾಡಿದೆ. ಚೀಟಿಯ ಅಂಕಿ ಓದಲು ಬಂದರೆ ಸಾಕು. ಮಾರುಕಟ್ಟೆಯ ನೆಟ್‌ವರ್ಕ್‌ನಲ್ಲಿ ದೊಡ್ಡ ಫೈಲ್ ಕಳಿಸಿ ಉಪಯೋಗವೂ ಇಲ್ಲ.

ತಿಂಗಳ ಖಾತೆ ಪುಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೈತರನ್ನೆಲ್ಲ ಒಂದು ಕ್ವೆರಿಯಲ್ಲಿ ತಂದು, ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಕ್ವೆರಿ ಓಡಿಸಿ ಮೊತ್ತ ತೆಗೆಯುತ್ತಿತ್ತು. ಎನ್ ಪ್ಲಸ್ ಒನ್ ಅಂತ ಎಲ್ಲರೂ ಹೇಳುವುದು ಇದನ್ನೇ. ಗ್ರೂಪ್ ಬೈ ಹಾಕಿ ಒಂದೇ ಕ್ವೆರಿ ಮಾಡಿದೆ, ರೈತನ ಐಡಿ ಮತ್ತು ತಾರೀಖಿಗೆ ಸೇರಿಸಿ ಬೇಗ ಹುಡುಕಲು ಒಂದು ಇಂಡೆಕ್ಸ್ ಕಟ್ಟಿದೆ. ಒತ್ತಿದ ಕೂಡಲೇ ತೆರೆಯುತ್ತದೆ.

ಈಗ ಕೈಯಲ್ಲಿರುವುದು

ರೈತರಿಗೆ ಕೊಡುವ ಪಟ್ಟಿಯನ್ನು ಮಂಡಿಯಲ್ಲೇ ಚಿಕ್ಕ ಥರ್ಮಲ್ ಪ್ರಿಂಟರ್‌ನಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಕೊಡಬೇಕು. ಇಲ್ಲಿರುವ ಪ್ರಿಂಟರ್‌ನ ಒಳಗೆ ಕನ್ನಡ ಫಾಂಟ್ ಇಲ್ಲ. ಅಕ್ಷರ ಕಳಿಸಿದರೆ ಏನೇನೋ ಚಿಹ್ನೆ ಬರುತ್ತದೆ. ಹಾಗಾಗಿ ಪಟ್ಟಿಯನ್ನು ಫೋನಿನ ಕ್ಯಾನ್ವಾಸ್ ಮೇಲೆ ಬರೆದು ಚಿತ್ರವಾಗಿ ಕಳಿಸಬೇಕು. 58 ಮಿ.ಮೀ. ಪೇಪರ್‌ನಲ್ಲಿ ಅಚ್ಚಾಗುವ ಅಗಲ 48 ಮಿ.ಮೀ., ಮಿ.ಮೀ.ಗೆ 8 ಚುಕ್ಕಿಯಂತೆ 384 ಚುಕ್ಕಿ. ಅಷ್ಟರಲ್ಲಿ ಒತ್ತಕ್ಷರ ಕೂಡಿಕೊಂಡು ಮಸಿಯ ಹಾಗೆ ಆಗಬಾರದು. ಕಣ್ಣು ಮಂಜಾದ ಅಜ್ಜನಿಗೂ ತೂಕ, ರೇಟ್ ಓದಲು ಬರಬೇಕು. ಮೈಸೂರಿನವನ ಹತ್ತಿರ ಇನ್ನೊಂದು ಮಾದರಿಯ ಪ್ರಿಂಟರ್ ಇದೆ, ಅದನ್ನು ಪಾರ್ಸೆಲ್ ಮಾಡಿದ್ದಾನೆ. ಎರಡರಲ್ಲೂ ಒಂದೇ ಪಟ್ಟಿ ಅಚ್ಚು ಹಾಕಿ, ಯಾವ ಫಾಂಟ್ ಎಷ್ಟು ದಪ್ಪ ಇದ್ದರೆ ಓದಲು ಚೆನ್ನ ಅಂತ ರೈಟರ್‌ಗೂ ನಾಲ್ಕು ಜನ ರೈತರಿಗೂ ತೋರಿಸಿ ಕೇಳಬೇಕು.